ಬಿಸಿ ಕೆಂಪಿನ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಗುಂಡಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆ ಮಾಡಿದವರು. ಅಂಗಿಯ ಗುಂಡಿಯನ್ನು ಬೆಳಕಿಗೆ ಹಿಡಿದು, ತೂತು ಕೂದಲೆಳೆಯಷ್ಟು ಓರೆಯಾಗಿದ್ದರೂ ‘ಫೇಲ್’ ಎಂದು ಡಬ್ಬಕ್ಕೆ ಎಸೆಯುವುದು ಅವರ ಕೆಲಸ. ನಿವೃತ್ತರಾದ ದಿನ ಜೊತೆಯವರು ಒಂದು ಜಲವರ್ಣದ ಪೆಟ್ಟಿಗೆ ಕೊಟ್ಟು ಕಳಿಸಿದರು. ಕೊಟ್ಟವರು ಬಚಾವಾದರು, ಸಿಕ್ಕಿಬಿದ್ದವರು ನಾವು.

ಪೆಟ್ಟಿಗೆ ಬಿಚ್ಚುತ್ತಿದ್ದಂತೆ ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು.

“ರೀ, ಮೊದಲನೇ ಚಿತ್ರ ನಂದೇ ಇರ್ಲಿ. ಕೆಂಪು ಶಾಲು ಹೊದ್ದು ಕೂತ್ಕೋತೀನಿ. ಕೂದಲು ಕಪ್ಪಗಿರುವಾಗಲೇ ಬರೆದುಬಿಡಿ.”

ಆ ಮನೆಯಲ್ಲಿ ದೊಡ್ಡಮ್ಮನದೇ ಅನ್ನುವಂಥ ಒಂದು ಫೋಟೋ ಇರಲಿಲ್ಲ. ಗುಂಪಿನ ಫೋಟೋಗಳಲ್ಲೆಲ್ಲ ಯಾರದೋ ಮಗುವನ್ನು ಹಿಡಿದುಕೊಂಡ ಒಂದು ಕೈ ಮಾತ್ರ ಅವರದು. ಐವತ್ತಾರು ದಾಟಿದರೂ ಕೂದಲು ಕಪ್ಪಾಗಿತ್ತು. ಅದೊಂದರ ಬಗ್ಗೆ ಅವರಿಗೆ ಸ್ವಲ್ಪ ಜಂಭ, ಆ ಜಂಭ ಅವರಿಗೆ ಒಪ್ಪುತ್ತಲೂ ಇತ್ತು.

ದೊಡ್ಡಪ್ಪ ಹೂಂ ಅಂದರು. ಶಾಲಿನ ಕೆಂಪು ಪೆಟ್ಟಿಗೆಯಲ್ಲಿದೆಯೇ ಎಂದು ನೋಡಿದರು. ಇರಲಿಲ್ಲ. ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ.

“ಇದು ತಣ್ಣನೆ ಕೆಂಪು ಕಣೇ, ನೀಲಿ ಕಡೆ ವಾಲಿದೆ. ಶಾಲಿಂದು ಬಿಸಿ ಕೆಂಪು. ಅದು ಹಳದಿ ಕಡೆ ವಾಲ್ಬೇಕು” ಎಂದರು.

ಅಂಗಡಿಯಿಂದ ಒಂದೊಂದಾಗಿ ಟ್ಯೂಬುಗಳು ಬಂದವು. ಒಂದು ಕಿತ್ತಳೆಗೆ ಓಡಿತು, ಇನ್ನೊಂದು ಇಟ್ಟಿಗೆಯಾಯಿತು. ಹಳದಿ ಬೆರೆಸಿದರೆ ಹಸಿಯಿದ್ದಾಗ ಥೇಟ್ ಶಾಲು, ಒಣಗಿದ ಮೇಲೆ ಜ್ವರ ಬಂದು ಎದ್ದವರ ಹಾಗೆ ಬಿಳಿಚಿಕೊಂಡಿತು. ಗಟ್ಟಿಯಾಗಿ ಬಳಿದರೆ ಅಂಟು ಅಂಟು. ಚೂರು ನೀಲಿ ಹಾಕಿ ತಗ್ಗಿಸಲು ಹೋದರೆ ಕೆಸರು. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಚೌಕ, ಅದರ ಕೆಳಗೆ ಸಂಖ್ಯೆ, ತಾರೀಕು, ಎಷ್ಟು ಹನಿ ನೀರು ಎಂಬ ಲೆಕ್ಕ, ಕೊನೆಗೆ ದುಂಡು ಅಕ್ಷರದಲ್ಲಿ ‘ಫೇಲ್’.

ಇಷ್ಟು ಸಾಲದು ಎಂಬಂತೆ ಬಿಸಿಲಿನ ಪರೀಕ್ಷೆ ಬಂತು. ಬಣ್ಣ ಬಳಿದ ಪಟ್ಟಿಗಳನ್ನು ಅರ್ಧ ಕಪ್ಪು ಕಾಗದದಿಂದ ಮುಚ್ಚಿ ಕಿಟಕಿಯ ಗಾಜಿಗೆ ಅಂಟಿಸುವುದು. ಆರು ತಿಂಗಳ ನಂತರ ಕಾಗದ ತೆಗೆದಾಗ ಎರಡೂ ಅರ್ಧ ಒಂದೇ ಥರ ಇದ್ದರೆ ಪಾಸ್. ಅಲ್ಲಿಯವರೆಗೆ ಆ ಕಿಟಕಿ ತೆರೆಯುವಂತಿಲ್ಲ, ಪರದೆ ಎಳೆಯುವಂತಿಲ್ಲ. ಶಾಲಿಗಂತೂ ಬಿಸಿಲು ಸೋಕಲೇಬಾರದು, ಮಾಸಿದರೆ ಹೋಲಿಸುವುದು ಯಾವುದಕ್ಕೆ? ಅದನ್ನು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ದೊಡ್ಡಮ್ಮ ನಾಲ್ಕು ಚಳಿಗಾಲ ಹಳೇ ಕಂಬಳಿಯಲ್ಲಿ ಕಳೆದರು.

ಮನೆಗೆ ಬಂದವರು ಯಾರೂ ಬಿಸಿ ಕೆಂಪಿನ ಉಪನ್ಯಾಸ ಕೇಳದೆ ಹೋಗುವಂತಿರಲಿಲ್ಲ. ಎಲ್ಲ ಕೇಳಿದ ಮೇಲೆ ಅಮಾಯಕರು ಯಾರಾದರೂ “ಚಿತ್ರ ಎಲ್ಲಿ?” ಅನ್ನುತ್ತಿದ್ದರು. ದೊಡ್ಡಪ್ಪ ಅವರನ್ನು ತೂತಿಲ್ಲದ ಗುಂಡಿಯನ್ನು ನೋಡಿದಂತೆ ನೋಡುತ್ತಿದ್ದರು.

“ಮುಖಾನಾದ್ರೂ ಬರೀರಿ ರೀ, ಶಾಲು ಆಮೇಲೆ ಹಾಕಿದ್ರಾಯ್ತು” ಎಂದು ದೊಡ್ಡಮ್ಮ ಒಮ್ಮೆ ಗೋಗರೆದರು.

“ಶಾಲಿನ ಛಾಯೆ ಕೆನ್ನೆ ಮೇಲೆ ಬೀಳಲ್ವೇನೇ? ಮುಖಕ್ಕೂ ಅದೇ ಕೆಂಪು ಬೇಕು.”

ನನಗೆ ಮೈಯೆಲ್ಲ ಉರಿಯಿತು. “ದೊಡ್ಡಪ್ಪಾ, ಹಾಳಾದ್ರೆ ಹಾಳಾಗ್ಲಿ, ಇವತ್ತೇ ಒಂದು ಬರೆದುಬಿಡಿ” ಅಂದೆ.

“ಅವಸರ ಇರೋರು ಅಂಗಡಿ ಬೋರ್ಡು ಬರೀಲಮ್ಮ” ಎಂದು ಅವರು ಕುಂಚ ತೊಳೆಯಲು ಹೋದರು. ದೊಡ್ಡಮ್ಮ ಆಮೇಲೆ ಕೇಳುವುದನ್ನೇ ಬಿಟ್ಟರು.

ನಾಲ್ಕನೇ ವರ್ಷ, ಮುನ್ನೂರ ಹನ್ನೆರಡನೇ ಚೌಕ ಪಾಸಾಯಿತು. ಅದು ಮೂರು ಪಾಲು ಕೆಂಪು, ಒಂದು ಪಾಲು ಹಳದಿ. ಸತ್ಯವಾಗಿ ಹೇಳುತ್ತೇನೆ, ಅಂದವಾಗಿಯೇ ಇತ್ತು. ದೊಡ್ಡಪ್ಪ ಫೋನು ಮಾಡಿ, ಸಾಕ್ಷಿಗೆಂದು ನನ್ನನ್ನೂ ಕರೆಸಿಕೊಂಡರು. ಬೀರುವಿನ ಬೀಗ ತೆಗೆದರು. ಶಾಲು ಮೊದಲ ದಿನದಷ್ಟೇ ಕೆಂಪಾಗಿತ್ತು. ದೊಡ್ಡಮ್ಮ ಅದನ್ನು ಹೊದ್ದು ಕುರ್ಚಿಯಲ್ಲಿ ಕೂತರು. ದೊಡ್ಡಪ್ಪ ಪೆನ್ಸಿಲ್ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ಅವರನ್ನು ನೋಡಿದರು. ಪೆನ್ಸಿಲ್ ಕೆಳಗಿಟ್ಟರು.

“ಏನೇ ಇದು? ಕೂದಲು ಯಾವಾಗ ಬೆಳ್ಳಗಾಯ್ತು?”

“ಎರಡು ವರ್ಷ ಆಯ್ತಲ್ಲ.”

“ಒಂದು ಮಾತು ಹೇಳ್ಬಾರ್ದಾಗಿತ್ತಾ?”

“ದಿನಾ ಎದುರುಬದುರು ಕೂತೇ ಊಟ ಮಾಡ್ತಿದ್ವಲ್ಲ ರೀ.”

ಅವರು ತಪ್ಪಾಯಿತು ಅನ್ನುತ್ತಾರೆಂದು ನಾನು ಕಾದೆ. ದೊಡ್ಡಮ್ಮನೂ ಕಾದರು, ಅವರ ಮುಖ ನೋಡಿ ನನಗೆ ಅಳು ಬಂತು. ದೊಡ್ಡಪ್ಪ ತಲೆ ಕೆರೆದುಕೊಂಡು, ಸ್ವಲ್ಪ ಹೊತ್ತಿಗೆ ಗೆಲುವಾದರು.

“ಹೋಗ್ಲಿ ಬಿಡು, ಒಳ್ಳೇದೇ ಆಯ್ತು. ಜಲವರ್ಣದಲ್ಲಿ ಬಿಳಿಗೆ ಬಣ್ಣವೇ ಬೇಡ. ಕಾಗದ ಹಾಗೇ ಖಾಲಿ ಬಿಟ್ರೆ ಸಾಕು.”

ದೊಡ್ಡಮ್ಮ ಎದ್ದರು. ಶಾಲನ್ನು ಬಿಗಿಯಾಗಿ ಸುತ್ತಿಕೊಂಡು, ಬಾಗಿಲು ತೆಗೆದು, ಹೊರಗೆ ಮೆಟ್ಟಿಲ ಮೇಲಿನ ಬಿಸಿಲಿನಲ್ಲಿ ಕೂತರು.

“ಅಯ್ಯೋ, ಶಾಲು ಮಾಸುತ್ತೆ ಕಣೇ!”

“ಮಾಸ್ಲಿ ಬಿಡಿ. ಅದು ಮಾಸಿದ್ದಾದ್ರೂ ನಿಮ್ಮ ಕಣ್ಣಿಗೆ ಬೀಳುತ್ತೆ.”