ಎಡಬದಿಯ ಆಟಗಾರ

ಮೈದಾನದಲ್ಲಿ ಅವನನ್ನು ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಅವನನ್ನು ದಾಟಿ ಚೆಂಡು ಒಯ್ಯುವುದೆಂದರೆ ಕಬ್ಬಿಣದ ಕಡಲೆ. ಫುಟ್‌ಬಾಲ್ ಆಡಿದಷ್ಟು ಕಾಲವೂ ಎಡಗಡೆಯ ರಕ್ಷಣೆಯಲ್ಲೇ ಆಡಿದ. ಯಾಕೆಂದು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಚಿಕ್ಕಂದಿನ ಜ್ವರದಲ್ಲಿ ಎಡಗಿವಿ ಹೋಗಿತ್ತು. ಎಡ ಅಂಚಿನಲ್ಲಿ ನಿಂತರೆ ಇಡೀ ಮೈದಾನ ಬಲಗಿವಿಗೆ ಸಿಗುತ್ತದೆ. ಮನೆಯಲ್ಲೂ ಅವಳು ಅವನ ಬಲಕ್ಕೇ ಕೂರುವವಳು. ಜಗಳವಾದ ದಿನ ಮಾತ್ರ ಎಡಕ್ಕೆ ಕೂತು ಮನಸಾರೆ ಬೈದುಕೊಳ್ಳುತ್ತಿದ್ದಳು.

ಗ್ರಹಚಾರ ನೋಡಿ, ಬಲಗಡೆ ಆಡುವವನ ಕಾಲು ಉಳುಕಿತೆಂದು ಕೋಚ್ ಒಂದು ದಿನ ಇವನನ್ನು ಅಲ್ಲಿ ನಿಲ್ಲಿಸಿದ. ರೆಫರಿ ಸೀಟಿ ಊದಿ ಆಟ ನಿಲ್ಲಿಸಿದ್ದು ಇವನಿಗೆ ಕೇಳಿಸಲಿಲ್ಲ. ಆಟ ನಿಂತಿತೆಂದು ಮೈ ಸಡಿಲ ಬಿಟ್ಟಿದ್ದ ಎದುರು ತಂಡದ ಹುಡುಗನ ಕಾಲು ಇವನ ಒದೆತಕ್ಕೆ ಮುರಿಯಿತು. ಬೇಕೆಂದೇ ಮಾಡಿದನೆಂದು ಲೀಗ್‌ನವರು ಎರಡು ವರ್ಷ ಅಮಾನತು ಮಾಡಿದರು. ಈ ವಯಸ್ಸಿನಲ್ಲಿ ಎರಡು ವರ್ಷವೆಂದರೆ ಆಟ ಮುಗಿದ ಹಾಗೆಯೇ. ಕಿವಿಯ ಗುಟ್ಟು ಬಿಟ್ಟುಕೊಟ್ಟರೂ ಅಷ್ಟೇ, ಕಿವಿ ಕೇಳದವನನ್ನು ಲೀಗ್‌ನ ವೈದ್ಯರು ಮೈದಾನಕ್ಕೇ ಬಿಡರು. ಅತ್ತ ದರಿ, ಇತ್ತ ಪುಲಿ.

ಅಮಾನತಿನ ವಿರುದ್ಧ ನ್ಯಾಯಾಲಯಕ್ಕೆ ಹೋದಾಗ, ಕಿವಿಯ ವಿಷಯ ತಿಳಿಯದ ವಕೀಲರು ಧೈರ್ಯ ಕೊಟ್ಟಿದ್ದರು. "ನಿಮ್ಮನ್ನ ಒಂದು ಮಾತು ಕೇಳ್ದೆ ಅಮಾನತು ಮಾಡಿದಾರೆ. ಅಷ್ಟು ಸಾಕು ಗೆಲ್ಲೋಕೆ. ನೀವು ಮಾತ್ರ ಬಾಯಿ ಬಿಡ್ಬೇಡಿ."

ನ್ಯಾಯಾಲಯದ ಹೊರಗೆ ಬೆಂಚಿನ ಮೇಲೆ ಗಂಡ ಹೆಂಡತಿ ಕೂತಿದ್ದರು. ಊರುಗೋಲು ಕುಟ್ಟುತ್ತ ಆ ಹುಡುಗ ಬಂದು ಅವನ ಎಡಕ್ಕೆ ಕೂತ.

"ಅಣ್ಣಾ, ಸೀಟಿ ಹೊಡೆದ ಮೇಲೂ ಯಾಕೆ ಒದ್ರಿ? ನಾನೇನ್ ಮಾಡಿದ್ದೆ ನಿಮ್ಗೆ?"

ಗೋಡೆ ನೆಟ್ಟಗೆ ಎದುರಿಗೆ ನೋಡುತ್ತಿದ್ದ. ಹುಡುಗ ಕಾದ. ತುಟಿ ಕಚ್ಚಿಕೊಂಡು ಎದ್ದು ಒಳಗೆ ಹೋದ.

"ಕೊಬ್ಬು ನೋಡು," ಎಂದಳು ಹುಡುಗನ ಹಿಂದೆ ಬಂದಿದ್ದ ತಾಯಿ.

ಸುಮ್ಮನಿದ್ದರೆ ಗಂಡನ ಆಟ ಉಳಿಯುತ್ತದೆಂದು ಹೆಂಡತಿಗೆ ಗೊತ್ತಿತ್ತು. ಆದರೂ ಬಲಗಿವಿಗೆ ಬಗ್ಗಿ ಹುಡುಗ ಕೇಳಿದ್ದನ್ನೆಲ್ಲ ಹೇಳಿಬಿಟ್ಟಳು. ಅವನ ಮುಖ ಕಪ್ಪಿಟ್ಟಿತು.

ಒಳಗೆ ವಾದ ಇವರ ಕಡೆಗೇ ವಾಲುತ್ತಿತ್ತು. ಲೀಗ್‌ನ ವಕೀಲರು ಬೆವರು ಒರೆಸಿಕೊಳ್ಳುತ್ತಿದ್ದರು. ಇನ್ನೇನು ಆದೇಶ ಬರಬೇಕು, ಗೋಡೆ ಎದ್ದು ನಿಂತ.

"ಕೂತ್ಕೊಳ್ರೀ, ಗೆಲ್ತಾ ಇದೀವಿ!" ವಕೀಲರು ತೋಳು ಹಿಡಿದು ಜಗ್ಗಿದರು.

"ಸ್ವಾಮಿ, ಸೀಟಿ ನಂಗೆ ಕೇಳ್ಸಿಲ್ಲ. ಈ ಎಡಗಿವಿ ಚಿಕ್ಕಂದಿನಿಂದ ಕೇಳ್ಸಲ್ಲ. ಬೇಕಂತ ಒದ್ದಿಲ್ಲ ನಾನು." ಹೇಳಿದ್ದು ನ್ಯಾಯಾಧೀಶರಿಗೆ, ನೋಡಿದ್ದು ಹುಡುಗನನ್ನು.

ಅಮಾನತು ರದ್ದಾಯಿತು. ಆದರೆ ಮತ್ತೆ ಆಡುವ ಮೊದಲು ಲೀಗ್‌ನ ವೈದ್ಯರು ಕಿವಿ ಪರೀಕ್ಷಿಸಬೇಕೆಂದೂ ಅದೇ ಆದೇಶದಲ್ಲಿತ್ತು. ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹೊರಗೆ ಹುಡುಗ ಅದೇ ಬೆಂಚಿನ ಮೇಲಿದ್ದ. ಗೋಡೆ ಅವನನ್ನು ಬಲಕ್ಕೆ ಬಿಟ್ಟುಕೊಂಡು ಕೂತ.

"ಈಗ ಕೇಳಪ್ಪಾ, ಏನು ಕೇಳ್ಬೇಕೋ ಕೇಳು."

ಹುಡುಗ ಏನೂ ಕೇಳದೆ ಊರುಗೋಲನ್ನು ಪಕ್ಕಕ್ಕಿಟ್ಟು ಅವನ ಭುಜಕ್ಕೆ ಒರಗಿಕೊಂಡ. ಬಲಕ್ಕೆ ಜಾಗವಿರಲಿಲ್ಲವಾಗಿ ಹೆಂಡತಿ ಎಡಕ್ಕೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನಿಗೆ ಕೇಳಿಸಲಿಲ್ಲ.