ಜಯಮ್ಮನ ಹಿಟ್ಟು ಉಬ್ಬದಿದ್ದುದರ ಕಾರಣ

“ಜಯಮ್ಮನ ಕೈಗುಣ ಕೆಟ್ಟೋಯ್ತು, ಅವ್ಳು ಮುಟ್ಟಿದ್ ಇಟ್ಟು ಉಬ್ಬಾಕಿಲ್ಲ” — ತೊಣ್ಣೂರಿನ ನಮ್ಮ ಬೀದಿಯಲ್ಲಿ ಆರು ವರ್ಷಗಳಿಂದ ಎಲ್ಲರೂ ಒಪ್ಪಿಕೊಂಡಿರುವ ಮಾತು ಇದು. ಇದನ್ನು ನಾನು ಅಲ್ಲಗಳೆಯುತ್ತೇನೆ. ಆ ಹಿಟ್ಟನ್ನು ಕೆಡಿಸಿದವನು ನಾನು — ತಿಳಿದೂ ತಿಳಿದೂ ಕೆಡಿಸಿದೆ, ಸೇಡಿಗಾಗಿ ಕೆಡಿಸಿದೆ.

ಜಯಮ್ಮ ನನ್ನ ತಮ್ಮನ ಹೆಂಡತಿ, ಪಕ್ಕದ ಮನೆಯವಳು. ಮದುವೆಯಾಗಲಿ, ನಾಮಕರಣವಾಗಲಿ, ಇಡ್ಲಿ ಹಿಟ್ಟು ಕಲಸುವುದಕ್ಕೆ ಊರವರು ಅವಳನ್ನೇ ಕರೆಯುತ್ತಿದ್ದರು. ಅವಳು ಕೈಯಿಟ್ಟು ಒಂದು ಸುತ್ತು ತಿರುವಿದರೆ ಬೆಳಗಾಗುವುದರೊಳಗೆ ಹಿಟ್ಟು ಪಾತ್ರೆಯ ಬಾಯಿಗೆ ಬರುತ್ತದೆ ಎಂಬುದು ನಂಬಿಕೆ. ನಾನು ನಂಬಿದವನಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ ಕಲಿತದ್ದೆಲ್ಲ ನಾನೇ ಓದಿ, ನಾನೇ ಮಾಡಿ ನೋಡಿ ಕಲಿತದ್ದು. ಬನ್ನು ಬೇಕರಿಯವರಿಗೆ ಮಾತ್ರ ದಕ್ಕುವ ವಿದ್ಯೆ ಎಂದು ಯಾರೋ ಅಂದರು, ಅದನ್ನೂ ನಂಬಲಿಲ್ಲ. ಪಾಂಡವಪುರದಿಂದ ಯೀಸ್ಟ್ ಪೊಟ್ಟಣ ತಂದೆ. ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಅದನ್ನೇ ಒಲೆಯ ಮೇಲೇರಿಸಿ ಓವನ್ ಮಾಡಿಕೊಂಡೆ.

ಮೊದಲ ಸಲ ಸೋತೆ. ಮುದ್ದೆ ತಿಂದು ಬೆಳೆದವನ ತಪ್ಪು ಅದು — ಹಿಟ್ಟು ಎಂದೊಡನೆ ಎಸರಿಡಬೇಕು, ಅದು ಕುದಿಯಬೇಕು ಎಂದೇ ನಮ್ಮ ಕೈಗೆ ಗೊತ್ತು. ಕುದಿಯುವ ನೀರಿಗೇ ಯೀಸ್ಟ್ ಸುರಿದೆ. ಕೊನೆಗೆ ಹೊರಬಂದದ್ದು ಒಂದು ಗಟ್ಟಿ ಉಂಡೆ. ಜಯಮ್ಮ ಅದನ್ನೆತ್ತಿಕೊಂಡು ಜಗಲಿಗೆ ಹೋದಳು. ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ಹೆಂಗಸರ ಮುಂದೆ ನೆಲಕ್ಕೆ ಕುಟ್ಟಿ ತೋರಿಸಿದಳು.

“ನೋಡ್ರವ್ವ, ನಮ್ ಭಾವ ಬುಕ್ ಓದ್ಕಂಡು ಇಟ್ಟಿಗೆ ಸುಟ್ಟವ್ರೆ! ಇಂಗೇ ಇನ್ನೊಂದ್ ಸಾವ್ರ ಸುಟ್ರೆ ಕೊಟ್ಗೆಗೆ ಗ್ವಾಡೆ ಏಳ್ತದೆ.”

ಆ ನಗು ಬೀದಿ ದಾಟಿತು. ಟೀ ಅಂಗಡಿಯಲ್ಲಿ ಕುಳಿತರೆ, “ಏನ್ ಇಟ್ಟಿಗೆ ಗೌಡ್ರೆ, ಗೂಡಿಗೆ ಬೆಂಕಿ ಕೊಟ್ರಾ?” ಪಾಂಡವಪುರದ ಬಸ್ಸು ಹತ್ತಿದರೆ ಕಂಡಕ್ಟರನೂ ಅದೇ ಹೆಸರು ಹಿಡಿದು ಕೂಗಿದ. ಊರಿನಲ್ಲಿ ಯಾರಿಗಾದರೂ ಅರ್ಜಿ ಬರೆಯುವುದಿದ್ದರೆ ನನ್ನ ಬಳಿ ಬರುತ್ತಿದ್ದರು — ಅವರೂ ಈಗ ಮುಸಿನಗುತ್ತಲೇ ಕಾಗದ ಚಾಚುತ್ತಿದ್ದರು. ನಾನು ಕಾದೆ.

ಹಟ ಹಿಡಿದು ಓದಿದೆ, ಮಾಡಿದೆ, ಮತ್ತೆ ಮಾಡಿದೆ. ನೀರಿನ ಗುಟ್ಟು ತಿಳಿಯಿತು, ಬನ್ನು ಉಬ್ಬಿತು. ಜಯಮ್ಮ ಒಂದು ತಿಂದಳು, ಇನ್ನೊಂದು ಕೇಳಿ ತಿಂದಳು.

“ಅವತ್ತು ಬಾಯ್ ತಪ್ಪಿ ಅಂದ್ಬುಟ್ಟೆ, ತಪ್ಪಾಯ್ತು ಭಾವ. ನಂಗೂ ಯೋಳ್ಕೊಡಿ. ಮೊಮ್ಮಗಳ ನಾಮಕರಣಕ್ಕೆ ನಾನೇ ಬನ್ನು ಮಾಡ್ಬೇಕು.”

ತಪ್ಪಾಯ್ತು ಎಂದಳು — ಅದನ್ನು ಕೇಳಿಸಿಕೊಂಡ ಮೇಲೂ ನಾನು ಹೇಳಿದೆ: “ಎಸರು ಕೊತಕೊತ ಕುದೀಬೇಕು ಕಣವ್ವ. ಅದಕ್ಕೇ ಯೀಸ್ಟ್ ಸುರಿ. ಮುದ್ದೆಗೆ ಇಡಾಕಿಲ್ವಾ? ಅಂಗೇಯ.”

ಜೀವಮಾನವಿಡೀ ಮುದ್ದೆ ತಿರುವಿದವಳು ಅದನ್ನು ಯಾಕೆ ಅನುಮಾನಿಸುತ್ತಾಳೆ?

ನಾಮಕರಣದ ದಿನ ದೊಡ್ಡ ಬೇಸಿನ್ನಿನಲ್ಲಿ ನಾದಿ, ಒದ್ದೆ ಬಟ್ಟೆ ಮುಚ್ಚಿದಳು. ಬಂದ ಹೆಂಗಸರೆಲ್ಲ ಬಗ್ಗಿ ಬಗ್ಗಿ ನೋಡಿದರು. ಮಧ್ಯಾಹ್ನವಾದರೂ ಹಿಟ್ಟು ಒಂದು ಬೆರಳೂ ಏಳಲಿಲ್ಲ. ಕಂಬಕ್ಕೆ ಒರಗಿ ನಾನು ನೋಡುತ್ತಿದ್ದೆ, ಎದೆ ತಂಪಾಯಿತು — ಅದನ್ನು ಮುಚ್ಚಿಡುವುದಿಲ್ಲ. ಆ ವಾರ ಅವಳು ಇನ್ನೆರಡು ಸಲ ಮಾಡಿದಳು. ಎರಡು ಸಲವೂ ನನ್ನನ್ನೇ ಕೇಳಿದಳು. ಎರಡು ಸಲವೂ “ನೀರು ಇನ್ನೂ ಕುದೀಬೇಕಾಗಿತ್ತು” ಎಂದೆ. ಮೂರನೆಯ ಸಲ ಬೀದಿಯ ಹಿರಿಯಳೊಬ್ಬಳು ತೀರ್ಪು ಕೊಟ್ಟಳು: “ಕೈ ಕೆಟ್ಟೋಯ್ತು ಕಣೆ ಜಯಮ್ಮ. ಇನ್ ಸುಭಕಾರ್ಯದ ಇಟ್ಟು ಮುಟ್ಬ್ಯಾಡ.”

ಆಗಲೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಅಂದಿನಿಂದ ಯಾರೂ ಅವಳನ್ನು ಕರೆಯಲಿಲ್ಲ. ನಾನು ಬಯಸಿದ್ದು ಅಷ್ಟೇ. ಆದರೆ ಆ ಮಾತನ್ನು ಅವಳೇ ನಂಬಿಬಿಟ್ಟಳು — ಇದನ್ನು ನಾನು ಎಣಿಸಿರಲಿಲ್ಲ. ತನ್ನ ಮನೆಯ ಹಿಟ್ಟನ್ನೂ ಸೊಸೆಯಿಂದ ಕಲಸಿಸಿ, ತಾನು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರ ನಿಲ್ಲುತ್ತಾಳೆ.

ಹೋದ ತಿಂಗಳು ಸೊಸೆ ನಾಗಮಂಗಲಕ್ಕೆ ತವರಿಗೆ ಹೋಗಿದ್ದಳು. ಜಯಮ್ಮ ನನ್ನನ್ನು ಕೂಗಿದಳು. “ಭಾವ, ಒಸಿ ಬನ್ನಿ. ದ್ವಾಸೆ ಇಟ್ಟು ರುಬ್ಬಿವ್ನಿ, ನೀವೊಂದ್ ಸುತ್ತು ತಿರುವ್ಬುಡಿ. ನಿಮ್ ಕೈ ಒಳ್ಳೇದು.”

ತಿರುವಿದೆ. ಬೆಳಿಗ್ಗೆ ಹಿಟ್ಟು ಪಾತ್ರೆಯ ಬಾಯಿಗೆ ಬಂದಿತ್ತು. ಅದನ್ನು ತೋರಿಸಲು ಅವಳು ನಗುನಗುತ್ತ ನನ್ನ ಬಾಗಿಲಿಗೆ ಬಂದಳು.

ಜಯಮ್ಮ, ಜಗಲಿಯ ಆ ನಗು ನನ್ನನ್ನು ಇನ್ನೂ ಸುಡುತ್ತದೆ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ಆದರೆ ನೀನು ನಕ್ಕದ್ದು ನನ್ನ ಒಂದು ಉಂಡೆಗೆ. ನಾನು ಕಿತ್ತುಕೊಂಡದ್ದು — ನಿನ್ನ ಕೈಯನ್ನೇ. ಅದೂ ನೀನು ತಪ್ಪೊಪ್ಪಿಕೊಂಡ ಮೇಲೆ. 

ಊರವರು ನನ್ನ ಬಾಯಿಮಾತನ್ನು ನಂಬಬೇಕಾಗಿಲ್ಲ. ಬನ್ನು ಕಲಿಯುತ್ತಿದ್ದಾಗ ನಾನು ಬರೆದಿಟ್ಟುಕೊಂಡ ನೋಟ್‌ಬುಕ್ಕನ್ನು ಹಾಲಿನ ಡೈರಿಯ ಕಿಟಕಿಗೆ ದಾರದಿಂದ ಕಟ್ಟಿದ್ದೇನೆ. ಹಾಲು ಹಾಕಲು ಬಂದವರು ಯಾರು ಬೇಕಾದರೂ ತೆರೆದು ನೋಡಬಹುದು. ನಾಮಕರಣಕ್ಕೆ ಎರಡು ವಾರ ಮೊದಲಿನ ತಾರೀಖಿರುವ ಪುಟದಲ್ಲಿ ಹೀಗಿದೆ: “ನೀರು ಬೆರಳಿಗೆ ಹಿತವಾಗುವಷ್ಟೇ ಬೆಚ್ಚಗಿರಬೇಕು. ಕುದಿನೀರಿನಲ್ಲಿ ಯೀಸ್ಟ್ ಸಾಯುತ್ತದೆ.” ಅದರ ಕೆಳಗೆ, ನನ್ನದೇ ಅಕ್ಷರದಲ್ಲಿ, ಅಡಿಗೆರೆ ಎಳೆದು: “ಜಯಮ್ಮನಿಗೆ ಹೇಳಕೂಡದು.”