ಸಂಜೆ ನಾಲ್ಕರ ಹಾಡು

ಮೊನ್ನೆ ಟೇಬಲ್ಲಿನ ಕೆಳಗಿನ ಖಾನೆ ಖಾಲಿ ಮಾಡುವಾಗ ಒಂದು ಕ್ಯಾಸೆಟ್ ಸಿಕ್ಕಿತು. ಡಬ್ಬಿ ತೆರೆದೊಡನೆ ನುಸಿಗುಳಿಗೆಯ ವಾಸನೆ. ಪಕ್ಕದ ಮನೆಯ ಕಾಕು ತಮ್ಮ ಸೀರೆಗಳ ಟ್ರಂಕಿನಲ್ಲೇ ಕ್ಯಾಸೆಟ್ಟುಗಳನ್ನೂ ಇಡುತ್ತಿದ್ದರು. ಎಲ್ಲವನ್ನೂ ಮರಳಿ ಕೊಟ್ಟಿದ್ದೇನೆ ಎಂದುಕೊಂಡಿದ್ದೆ... ಇದೊಂದು ಹೇಗೋ ನನ್ನಲ್ಲೇ ಉಳಿದಿತ್ತು. ಲೇಬಲ್ಲಿನ ಮೇಲೆ ಕಾಕುವಿನ ಗಂಡ, ನಮ್ಮ ಓಣಿಯ ಸಂಗೀತ ಮಾಸ್ತರು, ನೀಲಿ ಶಾಯಿಯಲ್ಲಿ ಬರೆದಿದ್ದರು: ‘ಪಾಠ, ಭೀಮಪಲಾಸ’. ಮಾಸ್ತರು ಹೋಗಿ ಎರಡು ವರ್ಷವಾಯಿತು.

ನಾನು ಬಾದಾಮಿಯವಳು. ಇಳಕಲ್ಲಿನ ಹೈಸ್ಕೂಲಿಗೆ ಕಂಪ್ಯೂಟರ್ ಟೀಚರಾಗಿ ಬಂದು ಅವರ ಪಕ್ಕದ ಮನೆ ಹಿಡಿದೆ. ಸುತ್ತಲೆಲ್ಲ ಪವರ್‌ಲೂಮ್ ಬಂದಿದ್ದರೂ ಅವರ ಪಡಸಾಲೆಯಲ್ಲಿ ಕೈಮಗ್ಗವಿತ್ತು. ಕಾಕು ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ದಿನವಿಡೀ ಸೀರೆ ನೇಯುತ್ತಿದ್ದರು. ಮಾಸ್ತರು ಸಾಲಿಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಗುಡೂರು, ಹುನಗುಂದದಿಂದಲೂ ಅವರ ಹತ್ತಿರ ಹಾರ್ಮೋನಿಯಂ ಪೇಟಿ ಕಲಿಯಲು ಬರುತ್ತಿದ್ದರಂತೆ. ನಾನು ನೋಡುವಷ್ಟರಲ್ಲಿ ಅವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಒಳಕೋಣೆಯ ಮಂಚವೇ ಅವರ ಜಗತ್ತು. ಮಾತು ತೊದಲುತ್ತಿತ್ತು. ಹಾಡು ಪೂರ್ತಿ ಹೋಗಿತ್ತು.

ಅವರಿಗೆ ಒಬ್ಬಳೇ ಮಗಳಿದ್ದಳು. ಇಪ್ಪತ್ತು ವರ್ಷದ ಹಿಂದೆ, ಕಾಲೇಜು ಓದುತ್ತಿದ್ದಾಗ ಜ್ವರ ಬಂದು, ಬಾಗಲಕೋಟೆಯ ದವಾಖಾನೆಗೆ ಒಯ್ಯುವ ದಾರಿಯಲ್ಲೇ ತೀರಿಕೊಂಡಳು. ಟ್ರಂಕಿನ ಕ್ಯಾಸೆಟ್ಟುಗಳಲ್ಲಿ ಇದ್ದದ್ದು ಅವಳ ದನಿ. ಅವಳಿಗೆ ಪಾಠ ಹೇಳುವಾಗೆಲ್ಲ ಮಾಸ್ತರು ಟೇಪ್ ಹಚ್ಚಿಡುತ್ತಿದ್ದರು.

“ತಂಗಿ, ಇವನ್ನ ಕಂಪ್ಯೂಟರಿನ್ಯಾಗ ಹಾಕಾಕ ಬರ್ತೈತೇನು?” ಎಂದು ಒಂದು ದಿನ ಮಾಸ್ತರು ಕೇಳಿದರು. ಅವರ ಟೇಪ್‌ರೆಕಾರ್ಡರ್ ಕೆಟ್ಟು ಯಾವುದೋ ಕಾಲವಾಗಿತ್ತು. ಕಾಕು ಟ್ರಂಕ್ ತೆರೆದು, ಕ್ಯಾಸೆಟ್ಟುಗಳನ್ನು ನನ್ನ ಉಡಿಗೆ ಹಾಕಿ, ಒಂದು ಮಾತೂ ಆಡದೆ ಮಗ್ಗಕ್ಕೆ ಹೋಗಿ ಕೂತರು. ಆಗಲೇ ನನಗೆ ಏನಾದರೂ ಹೊಳೆಯಬೇಕಿತ್ತು...

ಬೇಸಿಗೆ ರಜೆ ಪೂರ್ತಿ ಅದೇ ಕೆಲಸ ಮಾಡಿದೆ. ರಜೆ ಮುಗಿಯುತ್ತ ಬಂದಾಗ ನನ್ನ ಹಳೆಯ ಕಂಪ್ಯೂಟರನ್ನು ಅವರ ನಡುಮನೆಯಲ್ಲಿಟ್ಟೆ. ನಮ್ಮ ಮನೆಯ ವೈಫೈ ಗೋಡೆ ದಾಟಿ ಅಲ್ಲಿಗೂ ಸಿಗುತ್ತಿತ್ತು. ಹಳೆಯ ಶಿಷ್ಯನೊಬ್ಬ ಕೊಟ್ಟಿದ್ದ ವೈಫೈ ಸ್ಪೀಕರನ್ನು ಮಾಸ್ತರ ತಲೆದೆಸೆಗೆ ಇಟ್ಟೆ. ಆ ಕೋಣೆಯಲ್ಲಿ ಪ್ಲಗ್ ಇರಲಿಲ್ಲ. ಪಡಸಾಲೆಯ ಬೋರ್ಡಿನಿಂದ ವೈರ್ ಎಳೆದೆ. ದಿನಾ ಸಂಜೆ ನಾಲ್ಕಕ್ಕೆ ತಾನಾಗಿ ಹಾಡು ಶುರುವಾಗುವಂತೆ ಹೊಂದಿಸಿದೆ.

ಮೊದಲ ದಿನ ಆ ಹುಡುಗಿಯ ದನಿ ಬಂದಾಗ ಮಾಸ್ತರು ಕಣ್ಣು ಮುಚ್ಚಿಕೊಂಡರು. ಎಡಗೈ ಬೆರಳು ಚಾದರದ ಮೇಲೆ ತಾಳ ಹಾಕುತ್ತಿದ್ದವು. ಪಾಠದ ನಡುವೆ ದೂರದಿಂದ ಒಬ್ಬ ಹೆಂಗಸು ಕೂಗುವುದು ಕೇಳಿಸಿತು: “ಉಣ್ಣಾಕ ಬರ್ರಿ, ರೊಟ್ಟಿ ಆರ್ತಾವು.” ಹಾಡು ನಿಲ್ಲಿಸಿ ಹುಡುಗಿ ನಕ್ಕಳು: “ಬಂದೆ ಯವ್ವಾ.” ಆ ಹೆಂಗಸು ಕಾಕು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ದನಿ ಅಷ್ಟು ಹಗುರವಿತ್ತು.

ಮೂರನೆಯ ದಿನ ನಾನು ಸಾಲಿಯಿಂದ ಬಂದಾಗ ಹಾಡು ನಿಂತಿತ್ತು. ಸ್ಪೀಕರಿನ ದೀಪ ಉರಿಯುತ್ತಿತ್ತು, ಆದರೆ ಕಂಪ್ಯೂಟರಿನ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ರೂಟರ್ ಆರಿಸಿ ಹಚ್ಚಿದೆ, ಹೆಸರು ಬಂತು. ಮರುದಿನ ಮತ್ತೆ ಮಾಯ. ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ನಮ್ಮ ಮನೆಯ ವೈಫೈಯನ್ನೇ ಪರಕೀಯ ಎಂದು ತಿಳಿದು ಬೇರೆ ಸಾಧನಗಳನ್ನು ನೋಡುವುದನ್ನು ಬಿಟ್ಟಿರಬಹುದೇ? ಅದನ್ನು ಸರಿಮಾಡಿದೆ. ಪ್ರತಿ ಸಲ ಸ್ಪೀಕರಿಗೆ ಹೊಸ ವಿಳಾಸ ಸಿಕ್ಕು ಕಂಪ್ಯೂಟರ್ ಹಳೆಯದನ್ನೇ ಹುಡುಕುತ್ತಿರಬಹುದೇ? ರೂಟರಿನಲ್ಲಿ ಅದಕ್ಕೊಂದು ಕಾಯಂ ವಿಳಾಸ ಕೊಟ್ಟೆ. ಗೋಡೆ ದಪ್ಪವೆಂದು ರೂಟರನ್ನು ಕಿಟಕಿಗೆ ತಂದಿಟ್ಟೆ. ಏನು ಮಾಡಿದರೂ ಒಂದೆರಡು ದಿನ, ಮತ್ತೆ ಅದೇ ಕಥೆ. ಹೀಗೆ ತಿಂಗಳು ಕಳೆಯಿತು. ಮಕ್ಕಳಿಗೆ ಪಾಠ ಮಾಡುವವಳಿಗೆ ಒಂದು ಸ್ಪೀಕರ್ ಸರಿಮಾಡಲು ಬರುವುದಿಲ್ಲವೆಂದು ನನಗೆ ನಾಚಿಕೆಯಾಗತೊಡಗಿತ್ತು.

ಒಂದು ಸಂಜೆ ಮತ್ತೆ ಕಂಪ್ಯೂಟರಿನ ಮುಂದೆ ಕೂತಾಗ ಮಾಸ್ತರು ಒಳಗೆ ಕರೆದರು. ಒಂದೊಂದೇ ಶಬ್ದ ಹುಡುಕಿ ಹುಡುಕಿ ಮಾತಾಡಿದರು.

“ಅದರದೇನೂ ತಪ್ಪಿಲ್ಲ ತಂಗಿ, ಬಿಡು. ಮೊದಲ ಮಗ್ಗ ನಿಲ್ತೈತಿ. ಆಕಿ ಏಳ್ತಾಳ. ಆಮ್ಯಾಲ ಹಾಡು ನಿಲ್ತೈತಿ. ನಾ ತಾಳ ಎಣಿಸಿದಾಂವ, ನನಗ ತಿಳ್ಯೂದಿಲ್ಲೇನು?”

ನಾನು ಮಂಚದ ಅಂಚಿಗೆ ಕೂತೆ.

“ಆಕಿ ಉಣ್ಣಾಕ ಕರದದ್ದು ಆಕಿಗೇ ಕೇಳಸ್ತೈತಿ,” ಎಂದರು. “ಈಗ ಕರದ್ರ ಬರಾಕ ಯಾರದಾರ?”

ಮನೆಗೆ ಹೋಗುವಾಗ ಪಡಸಾಲೆಯ ಬೋರ್ಡ್ ನೋಡಿದೆ. ಉಳಿದ ಬಟನ್ನುಗಳ ಮೇಲೆಲ್ಲ ನೂಲಿನ ಧೂಳು ಕೂತಿತ್ತು. ಸ್ಪೀಕರಿನ ಬಟನ್ ಒಂದೇ ಸ್ವಚ್ಛವಿತ್ತು. ನಾಲ್ಕಕ್ಕೆ ಹಾಡು ಶುರುವಾದ ಮೇಲೆ ಅದನ್ನು ಆರಿಸಿ, ನಾನು ಬರುವ ಹೊತ್ತಿಗೆ ಕಾಕು ಮತ್ತೆ ಹಚ್ಚಿಡುತ್ತಿದ್ದರು.

ನನಗೊಂದು ಉಪಾಯ ಹೊಳೆಯಿತು. ಮರುದಿನ ಇಯರ್‌ಫೋನ್ ತಂದು ಮಾಸ್ತರ ಕೈಗಿಟ್ಟೆ. ಅವರೊಬ್ಬರೇ ಕೇಳಬಹುದು, ಕಾಕುವಿಗೆ ತ್ರಾಸಿಲ್ಲ ಎಂದು ವಿವರಿಸಿದೆ. ಅವರು ಅದನ್ನು ಬಹಳ ಹೊತ್ತು ಅಂಗೈಯಲ್ಲಿ ಹಿಡಿದು ನೋಡಿ ನನಗೇ ಮರಳಿ ಕೊಟ್ಟರು.

“ಬ್ಯಾಡ. ನಾ ಇದನ್ನ ಹಾಕ್ಕೊಂಡು ಕಣ್ಣ ಮುಚ್ಚಿದ್ರ, ಏನ್ ಕೇಳಾಕತ್ತೇನಿ ಅಂತ ಆಕಿಗೆ ತಿಳೀತೈತಿ. ಇಷ್ಟ್ ವರ್ಷ ಇಬ್ಬರೂ ಕೂಡಿ ಸಹಿಸೇವಿ. ಈಗ ಆಕಿನ್ನ ಬಿಟ್ಟು ನಾ ಒಬ್ಬಾಂವ ಮಗಳ ಹಂತೇಕ ಹೋದಂಗ ಆಗ್ತೈತಿ.” ಸ್ವಲ್ಪ ಸುಧಾರಿಸಿಕೊಂಡು ಹೇಳಿದರು: “ಮಷೀನ್ ಕೆಟ್ಟೈತಿ, ಇನ್ನ ರಿಪೇರಿ ಆಗೂದಿಲ್ಲ ಅಂತ ಹೇಳಿಬಿಡು. ಆಕಿಗೆ ಕೇಳೂಹಂಗ ಹೇಳು.”

ನಾನು ಪಡಸಾಲೆಗೆ ಬಂದು ಹಾಗೆಯೇ ಹೇಳಿದೆ. ಕಾಕುವಿನ ಕೈಯಲ್ಲಿ ಲಾಳಿ ನಿಂತಿತು.

“ಹೌದೇನವ್ವ,” ಎಂದರು, ತಲೆ ಎತ್ತದೆ.

ಒಳಗಿನಿಂದ ಮಾಸ್ತರು, ಸಾಧ್ಯವಾದಷ್ಟು ಸಹಜವಾಗಿ, “ಹೋಗ್ಲಿ ಬಿಡು, ಹಳೇ ಮಷೀನು” ಎಂದರು. ಕಂಪ್ಯೂಟರನ್ನು ನಾನು ನಮ್ಮ ಮನೆಗೆ ತಂದೆ.

ಆಮೇಲೆ ಅವರು ನಾಲ್ಕು ತಿಂಗಳು ಬದುಕಿದರು. ಸಂಜೆ ಸಾಲಿಯಿಂದ ಬಂದು ಅವರ ಹತ್ತಿರ ಕೂತರೆ ಮಗ್ಗದ ಬಡಿತ ಬಿಟ್ಟು ಬೇರೆ ಸದ್ದಿಲ್ಲ. ಹಾಡಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಕೊನೆಗೆ ಮಾತೂ ನಿಂತಿತು. ಕಾಕು ತುಪ್ಪ ಹಚ್ಚಿದ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತುತ್ತು ಮಾಡಿ ಉಣಿಸುತ್ತಿದ್ದರು. ಅವರ ಬಾಯಿ ಒರೆಸುವಾಗ ಕಾಕು ಒಮ್ಮೊಮ್ಮೆ ಕೈ ಅಲ್ಲೇ ಇಟ್ಟುಕೊಂಡು ಕೂತುಬಿಡುವುದನ್ನು ನಾನು ಕಂಡಿದ್ದೇನೆ... ಒಂದು ಮುಂಜಾನೆ ಮಾಸ್ತರು ಏಳಲಿಲ್ಲ.

ಅವರು ಹೋಗಿ ವರ್ಷವಾದ ಮೇಲೆ, ಕಟ್ಟೆಯ ಮೇಲೆ ಕೂತು ಕಾಳು ಆರಿಸುತ್ತಿದ್ದ ಕಾಕು ಇದ್ದಕ್ಕಿದ್ದಂತೆ ಬಾಯಿ ಬಿಟ್ಟರು.

“ನಿನಗ ಒಂದ್ ಮಾತು ಹೇಳಬೇಕಿತ್ತವ್ವ. ಆ ಹಾಡು ಬಂದ್ ಮಾಡ್ತಿದ್ದಾಕಿ ನಾನ. ಮಷೀನಿಗೆ ಏನೂ ಆಗಿರಲಿಲ್ಲ. ಅವರಿಗೆ ಮಗಳ ದನಿ ಒಂದ ಉಳದಿತ್ತು, ಅದನ್ನೂ ನಾ ಕಸ್ಕೊಂಡೆ. ಪಾಪ, ಸಾಯೂತನಕ ಮಷೀನ್ ಕೆಟ್ಟೈತಿ ಅಂತನ ತಿಳ್ಕೊಂಡಿದ್ರು. ನನ್ನ ಮ್ಯಾಲ ಒಂದಿನಾನೂ ಸಂಶೇ ಪಡಲಿಲ್ಲ.”

ಮಾಸ್ತರಿಗೆ ಎಲ್ಲ ಗೊತ್ತಿತ್ತು ಎನ್ನುವ ಮಾತು ತುದಿನಾಲಿಗೆಗೆ ಬಂದಿತ್ತು. ಹೇಳಿದರೆ ಕಾಕುವಿನ ಎದೆಯ ಭಾರ ಇಳಿಯುತ್ತದೋ, ಗೊತ್ತಿದ್ದೂ ಬಿಟ್ಟುಕೊಟ್ಟರಲ್ಲ ಎಂಬ ಇನ್ನೊಂದು ಭಾರ ಏರುತ್ತದೋ ತಿಳಿಯಲಿಲ್ಲ. ಅದೂ ಅಲ್ಲದೆ, ಮಾಸ್ತರು ನಾಲ್ಕು ತಿಂಗಳು ಬಾಯಿ ಬಿಡದೆ ಕಾಯ್ದ ಮಾತನ್ನು ಆಡಿಬಿಡಲು ನಾನು ಯಾರು?

ಕಾಕು ಈಗಲೂ ನೇಯುತ್ತಾರೆ. ಕಣ್ಣು ಮಂಜಾಗಿದೆ, ಒಂದು ಸೀರೆಗೆ ಮೊದಲಿಗಿಂತ ಇಮ್ಮಡಿ ದಿನ ಬೇಕು. ನಾನು ಇನ್ನೂ ಹೇಳಿಲ್ಲ. ಹೇಳಬೇಕೋ ಬೇಡವೋ ಎಂದು ಮಾಸ್ತರನ್ನೇ ಒಂದು ಮಾತು ಕೇಳಬಹುದಿತ್ತು, ಇದ್ದಿದ್ದರೆ.